ನಡೀತಾರಲ್ಲ, ಇನ್ನೇನು

ಹೊಲಿಗೆ ಮೆಷಿನನ್ನು ಮುಂದಿನ ಕೋಣೆಯಿಂದ ಎತ್ತಿಸಬೇಕು ಎಂದು ಮೊದಲು ಬಾಯಿ ಬಿಟ್ಟವಳು ಸೊಸೆ. ಅತ್ತೆಗೂ ಆ ಆಸೆ ಇತ್ತು, ಗಂಡನಿಗೂ ಇತ್ತು, ಆದರೆ ಮಾಸ್ಟರ ಎದುರು ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬೀದಿಯವರೆಲ್ಲ ಮಾಸ್ಟರು ಎಂದೇ ಕರೆಯುವ ಅವಳ ಮಾವ ಮೂವತ್ತೆಂಟು ವರ್ಷದಿಂದ ಅದೇ ಕಿಟಕಿಯ ಕೆಳಗೆ ಕೂತು ಪ್ಯಾಂಟು, ಕೋಟು, ಶಾಲೆಯ ಸಮವಸ್ತ್ರ ಹೊಲಿದವರು. ಆದರೆ ಹತ್ತನೇ ತರಗತಿಗೆ ಬಂದ ಮೊಮ್ಮಗಳು ಗುಬ್ಬಿಗೆ ಓದುವ ಮೇಜು ಹಾಕಲು ಆ ಮನೆಯಲ್ಲಿ ಬೇರೆಲ್ಲೂ ಜಾಗವಿರಲಿಲ್ಲ.

"ಹಿಂದಿನ ವರಾಂಡಕ್ಕೆ ಹಾಕೋಣ ಮಾವ. ಅಲ್ಲೂ ಬೆಳಕಿದೆ," ಎಂದಳು ಸೊಸೆ, ಊಟಕ್ಕೆ ಕೂತಾಗ.

"ಬೆಳಕಲ್ಲ ಅದು, ಬಿಸಿಲು. ಬಿಸಿಲಿನ ಝಳಕ್ಕೆ ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣುತ್ತೇನಮ್ಮಾ?"

"ಅಪ್ಪಾ, ಈಗ ಬರೋದೇ ವಾರಕ್ಕೆ ನಾಲ್ಕು ಬಟ್ಟೆ," ಎಂದ ಮಗ. ಅವನು ಲಿಫ್ಟ್ ರಿಪೇರಿ ಮಾಡುವವನು. ಹಗಲೆಲ್ಲ ಮೇಲೆ ಕೆಳಗೆ ಓಡಾಡಿ ಬಂದವನಿಗೆ ಮನೆಯಲ್ಲಿ ಯಾರ ಮಾತೂ ಉದ್ದವಾಗುವುದು ಸೇರದು.

"ನಾಲ್ಕೋ ಎರಡೋ, ಹಾಕ್ಕೊಳ್ಳೋರು ಮನುಷ್ಯರೇ ಅಲ್ವಾ?"

"ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ," ಎಂದರು ಅತ್ತೆ.

ಮಾತಿಗೆ ಮಾತು ಬೆಳೆದು ಮಾಸ್ಟರು ಅರ್ಧ ಊಟಕ್ಕೇ ಎದ್ದರು. "ತಗೊಂಡು ಹೋಗಿ ಹಾಕಿ. ನನ್ನನ್ನೂ ಅದರ ಜೊತೆಗೇ ಹಾಕಿಬಿಡಿ," ಎಂದು ಕೈ ತೊಳೆದರು. ಭಾನುವಾರ ಮೆಷಿನು ವರಾಂಡಕ್ಕೆ ಹೋಯಿತು. ಅವರು ಒಂದು ಕೈ ಹಾಕಲಿಲ್ಲ, ಒಂದು ಮಾತೂ ಆಡಲಿಲ್ಲ.

ಮರುದಿನವೇ ಬಿದ್ದರು. ವರಾಂಡಕ್ಕೆ ಇಳಿಯಲು ಒಂದು ಮೆಟ್ಟಿಲಿದೆ. ಇಸ್ತ್ರಿ ಹಲಗೆಯನ್ನು ಎದೆಗವಚಿ ಹಿಡಿದು ಇಳಿಯುವಾಗ ಆ ಮೆಟ್ಟಿಲು ಕಾಣಲಿಲ್ಲ. ಮುಗ್ಗರಿಸಿ ಮುಂದಕ್ಕೆ ಬಿದ್ದವರ ಹಣೆ ಮೆಷಿನಿನ ಅಂಚಿಗೆ ಬಡಿದು ತಲೆ ಹಿಂದಕ್ಕೆ ಹೊರಳಿತು. ಅತ್ತೆ ಓಡಿಬರುವಷ್ಟರಲ್ಲಿ ಅವರೇ ಎದ್ದು ಕೂತಿದ್ದರು. "ಏನಿಲ್ಲ, ಕೈ ಉರೀತಾ ಇದೆ ಅಷ್ಟೆ," ಎಂದರು.

ಸೊಸೆ ಒಂದು ಮೂಳೆ ಡಾಕ್ಟರರ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ದಿನಕ್ಕೆ ಇಪ್ಪತ್ತು ಸೊಂಟ, ಹತ್ತು ಮಂಡಿ ನೋಡುವವಳು. ಸಂಜೆ ಬಂದವಳೇ, ಚಪ್ಪಲಿ ಬಿಟ್ಟು, ಚೀಲವನ್ನೂ ಕೆಳಗಿಡದೆ ಮಾವನ ಮುಂದೆ ನಿಂತಳು.

"ನಡೀರಿ ಮಾವ, ನೋಡೋಣ. ಹಿಮ್ಮಡಿ ಮೇಲೆ ನಡೀರಿ. ಈಗ ತುದಿಗಾಲಲ್ಲಿ."

ಮಾಸ್ಟರು ಅಡುಗೆಮನೆಯವರೆಗೆ ಹೋಗಿ ಬಂದರು. ಗುಬ್ಬಿ ನಕ್ಕಳು, "ತಾತ ಡ್ಯಾನ್ಸ್ ಮಾಡ್ತಾರೆ!"

ಸೊಸೆ ಚೀಲದಿಂದ ಪುಟ್ಟ ರಬ್ಬರ್ ಸುತ್ತಿಗೆ ತೆಗೆದು ಮಂಡಿಯ ಕೆಳಗೆ ತಟ್ಟಿದಳು. ಕಾಲು ಜೋರಾಗಿ ಮುಂದಕ್ಕೆ ಒದೆಯಿತು. "ನೋಡಿ, ಈ ವಯಸ್ಸಲ್ಲೂ ಹೇಗೆ ಒದೀತಾರೆ!" ಎಂದು ಮಗನೂ ನಕ್ಕ. ಕೈ ಉರಿ ಎಂದಿದ್ದರಲ್ಲ, ಅದಕ್ಕೆ ಮಾವನದೇ ಡಬ್ಬಿಯಿಂದ ಒಂದು ಗುಂಡುಪಿನ್ನು ತೆಗೆದು ಬೆರಳ ತುದಿಗೆ ಚುಚ್ಚಿದಳು.

"ಗೊತ್ತಾಗುತ್ತಾ?"

"ಏನೋ ಮುಟ್ಟಿದ ಹಾಗಿದೆ."

"ಚೂಪಾಗಿ ಇಲ್ವಾ?"

"ಮೂವತ್ತೆಂಟು ವರ್ಷ ಸೂಜಿ ತಿಂದ ಬೆರಳಮ್ಮಾ. ಇದಕ್ಕೆ ಪಿನ್ನೊಂದು ಲೆಕ್ಕವಾ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಬೆರಳ ತುದಿ ಎಮ್ಮೆಯ ಚರ್ಮದಂತೆ ದಡ್ಡುಗಟ್ಟಿರುವುದು ಕಣ್ಣಿಗೇ ಕಾಣುತ್ತಿತ್ತು. ತೋಳಿಗೆ ಚುಚ್ಚಿ ನೋಡಲಿಲ್ಲ, ಭುಜಕ್ಕೆ ನೋಡಲಿಲ್ಲ, ಬೆರಳುಗಳ ಬಲ ನೋಡಲಿಲ್ಲ. ಮೆಷಿನು ಎತ್ತಿಸಿದ್ದು ತನ್ನ ಮಾತಿಗೆ, ಅದರ ಮೇಲೇ ಬಿದ್ದಿದ್ದಾರೆ. ಏನೂ ಆಗಿಲ್ಲ ಎನ್ನುವ ಉತ್ತರ ಅವಳಿಗೆ ಪರೀಕ್ಷೆಗೆ ಮೊದಲೇ ಬೇಕಾಗಿತ್ತು.

"ಅಂಗೈ ಊರಿ ಬಿದ್ದಿದ್ದಾರೆ, ಅದಕ್ಕೇ ಉರಿ. ಬೆನ್ನುಹುರಿಗೆ ಪೆಟ್ಟು ಬಿದ್ದಿದ್ರೆ ಕಾಲು ಹೇಳ್ತಿತ್ತು. ನಡೀತಾರಲ್ಲ, ಇನ್ನೇನು," ಎಂದಳು. ಅತ್ತೆ ನಿಟ್ಟುಸಿರು ಬಿಟ್ಟು ಒಲೆಯ ಕಡೆ ಹೋದರು.

ಮೊದಲ ವಾರ ಎರಡು ಗಾಜಿನ ಲೋಟ ಒಡೆದವು. ಎರಡನೇ ವಾರ ಚಹಾ ಮೇಜಿನ ಮೇಲೆ, ಅನ್ನ ಮಡಿಲಲ್ಲಿ. ಅತ್ತೆ ಒರೆಸಿದರು, ಗೊಣಗಿದರು, ಮತ್ತೆ ಒರೆಸಿದರು.

"ಮೆಷಿನು ಆಚೆ ಹೋಯ್ತಲ್ಲ, ಈಗ ನನ್ನ ಪಾತ್ರೆಗಳ ಮೇಲೆ ಕೋಪ ತೀರಿಸ್ಕೊಳ್ತಿದ್ದಾರೆ."

"ಜಾರಿತು ಕಣೇ."

"ದಿನಾ ಜಾರುತ್ತಾ? ಹಿಡ್ಕೊಳ್ಳೋಕೆ ಮನಸ್ಸಿಲ್ಲ ಅನ್ನಿ."

ಅಂಗಿಯ ಗುಂಡಿಗಳು ಅರ್ಧಕ್ಕರ್ಧ ತೆರೆದೇ ಇರುತ್ತಿದ್ದವು. ಊರಿಗೆಲ್ಲ ಗುಂಡಿ ಹಾಕಿಕೊಟ್ಟವರು ತಮ್ಮ ಗುಂಡಿ ಹಾಕಿಕೊಳ್ಳುತ್ತಿಲ್ಲವೆಂದು ಗುಬ್ಬಿ ಛೇಡಿಸಿದಳು. ಅವರು ಗೋಡೆಯ ಕಡೆ ತಿರುಗಿ ಒಂದು ಗುಂಡಿಯೊಂದಿಗೆ ಬಹಳ ಹೊತ್ತು ಒದ್ದಾಡಿ, ಮೇಲೆ ಸ್ವೆಟರ್ ಹಾಕಿಕೊಂಡರು. ಸೆಕೆಗಾಲದಲ್ಲಿ ಸ್ವೆಟರ್ ಹಾಕಿದ್ದಕ್ಕೂ ಮನೆಯಲ್ಲಿ ಮಾತಾಯಿತು.

ಬೆಳಗಿನ ಹೊತ್ತಂತೂ ಬಚ್ಚಲುಮನೆಯ ಮುಂದೆ ಜಗಳವೇ. ಇರುವುದು ಒಂದೇ ಬಚ್ಚಲು. ಮಾಸ್ಟರು ಒಳಗೆ ಹೋದರೆ ಇಪ್ಪತ್ತು ನಿಮಿಷ.

"ತಾತಾ, ಶಾಲೆ ಬಸ್ಸು ಹೋಗುತ್ತೆ!" ಗುಬ್ಬಿ ಬಾಗಿಲು ಬಡಿಯುತ್ತಿದ್ದಳು.

"ಬಂದೆ ಬಂದೆ. ಬರ್ತಾ ಇಲ್ಲ ಏನ್ ಮಾಡ್ಲಿ," ಎಂದು ಒಳಗಿನಿಂದ ಸಣ್ಣ ದನಿ.

"ಒಳಗೆ ಕೂತು ಪೇಪರ್ ಓದ್ತಾರೆ," ಎಂದು ಮಗ ಹಲ್ಲು ಕಡಿದ.

ಮೂರನೇ ವಾರ ಒಬ್ಬ ಗಿರಾಕಿಯ ಕೋಟಿನ ಬಟ್ಟೆಯನ್ನು ಮಾಸ್ಟರು ಅಡ್ಡಾದಿಡ್ಡಿ ಕತ್ತರಿಸಿಬಿಟ್ಟರು. ಕತ್ತರಿ ಮಾತು ಕೇಳಲಿಲ್ಲ ಎಂದರು. ಗಿರಾಕಿ ಬೀದಿಗೆ ಕೇಳುವಂತೆ ಕೂಗಾಡಿ ಹೋದ. ಅಂದು ಸಂಜೆ ಮಗನ ಸಹನೆಯ ಕಟ್ಟೆಯೊಡೆಯಿತು.

"ಹಠ ಸಾಧಿಸೋಕೆ ಒಂದು ಮಿತಿ ಬೇಡ್ವಾ ಅಪ್ಪಾ? ನಮ್ಮ ಮೇಲಿನ ಸಿಟ್ಟಿಗೆ ಊರವರ ಬಟ್ಟೆ ಹಾಳು ಮಾಡೋದಾ?"

"ಕೈ ಬರ್ತಾ ಇಲ್ಲ ಕಣೋ."

"ಕೈಗೆ ಏನಾಗಿದೆ? ಇವಳು ನೋಡಿಲ್ವಾ? ಏನೇ, ನೋಡಿದೀಯ ತಾನೇ ನೀನು?"

ಸೊಸೆ ತರಕಾರಿ ಹೆಚ್ಚುತ್ತಿದ್ದಳು. ಕ್ಲಿನಿಕ್ಕಿನಲ್ಲಿ ಆ ದಿನ ನಿಂತೇ ಕಾಲ ಕಳೆದಿದ್ದಳು. "ನೋಡಿದೀನಿ. ಏನೂ ಇಲ್ಲ," ಎಂದಳು, ತಲೆ ಎತ್ತದೆ.

ಮಾಸ್ಟರು ಅವಳನ್ನೇ ನೋಡಿದರು. ಆಮೇಲೆ ವರಾಂಡಕ್ಕೆ ನಡೆದರು. ನಡಿಗೆಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಮಾರನೇ ದಿನದಿಂದ ಅತ್ತೆ ಅವರಿಗೆ ಪ್ಲಾಸ್ಟಿಕ್ ಬಟ್ಟಲು, ಪ್ಲಾಸ್ಟಿಕ್ ಲೋಟ ಇಟ್ಟರು. ಅವರು ಎಲ್ಲರ ಜೊತೆ ಊಟಕ್ಕೆ ಕೂರುವುದು ಬಿಟ್ಟರು. "ಆಮೇಲೆ ತಿಂತೀನಿ, ನೀವು ಮುಗಿಸಿ," ಎನ್ನುವರು. ನೆಮ್ಮದಿಯಾಗಿ ಊಟ ಮಾಡಬಹುದು ಎಂದು ಮನೆಯವರಿಗೆ ಒಳಗೊಳಗೇ ಹಗುರವೂ ಆಯಿತು.

ಆರನೇ ವಾರದ ಶನಿವಾರ ಮಧ್ಯಾಹ್ನ ಗುಬ್ಬಿ ಕಿರುಚಿದಳು.

"ಅಮ್ಮಾ! ತಾತನ ಕೈ ಸುಡ್ತಾ ಇದೆ!"

ಸೊಸೆ ಓಡಿದಳು. ಮಾಸ್ಟರು ವರಾಂಡದಲ್ಲಿ ಹಿತ್ತಲ ಕಡೆ ನೋಡುತ್ತಾ ಇಸ್ತ್ರಿ ಹಲಗೆಯ ಮೇಲೆ ಮುಂದೋಳು ಊರಿ ನಿಂತಿದ್ದರು. ಬಿಸಿ ಇಸ್ತ್ರಿ ಪೆಟ್ಟಿಗೆ ಆ ತೋಳಿಗೇ ಒರಗಿಕೊಂಡಿತ್ತು. ಚರ್ಮ ಸುಟ್ಟ ವಾಸನೆ ವರಾಂಡದ ತುಂಬ. ಅವಳು ಪೆಟ್ಟಿಗೆ ಕಿತ್ತು ಆಚೆ ಇಟ್ಟಳು. ಮಾಸ್ಟರು ತಮ್ಮ ತೋಳನ್ನು ಬೇರೆ ಯಾರದೋ ವಸ್ತುವನ್ನು ನೋಡುವಂತೆ ನೋಡಿದರು.

"ಅಯ್ಯೋ, ಬೇಕಂತ ಮಾಡಿದ್ದಲ್ಲಮ್ಮಾ," ಎಂದರು, ಗಾಬರಿಯಿಂದ.

"ನೋವಿಲ್ವಾ ಮಾವ?"

"ಇಲ್ಲ."

ಅವಳು ತೋಳನ್ನು ಹಿಡಿದು ನೋಡಿದಳು. ತೋಳಿನ ಚರ್ಮ ದಡ್ಡುಗಟ್ಟಿರಲಿಲ್ಲ. ತೋಳಿಗೆ ಯಾರೂ ಮೂವತ್ತೆಂಟು ವರ್ಷ ಸೂಜಿ ಚುಚ್ಚಿರಲಿಲ್ಲ.

ಸುಟ್ಟ ಜಾಗದ ಮೇಲೆ ತಣ್ಣೀರು ಬಿಟ್ಟು, ಅವರನ್ನು ಸ್ಟೂಲಿನ ಮೇಲೆ ಕೂರಿಸಿದಳು. ಗುಂಡುಪಿನ್ನು, ಹತ್ತಿ ಎರಡನ್ನೂ ತಂದು ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ಹತ್ತಿ ಸೋಕಿದ್ದು ಎಲ್ಲ ಕಡೆ ಗೊತ್ತಾಗುತ್ತಿತ್ತು. ಪಿನ್ನಿನ ಚೂಪು ಮಾತ್ರ ಕೈಯಲ್ಲಿಲ್ಲ, ತೋಳಿನಲ್ಲಿಲ್ಲ, ಭುಜದಲ್ಲಿಲ್ಲ. ಎದೆಯ ಕೆಳಕ್ಕೆ ಬಂದಾಗ "ಸ್ಸ್, ಮೆಲ್ಲಗೆ!" ಎಂದರು. ಹೆಬ್ಬೆರಳು, ತೋರುಬೆರಳ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು. ಬೆರಳ ನಡುವೆ ಒಂದು ಕಾಗದ ಹಿಡಿಸಿದರೆ ಎಳೆಯುವ ಮೊದಲೇ ಜಾರಿ ಬಂತು. ಕೊನೆಗೆ ಅವರ ಮಧ್ಯದ ಬೆರಳಿನ ಉಗುರನ್ನು ಚಿಮ್ಮಿದಳು. ಹೆಬ್ಬೆರಳು ತಾನೇ ತಾನಾಗಿ ಒಳಕ್ಕೆ ಸೆಳೆದುಕೊಂಡಿತು. ಇನ್ನೊಮ್ಮೆ ಚಿಮ್ಮಿದಳು. ಮತ್ತೆ ಸೆಳೆದುಕೊಂಡಿತು. ಬೆನ್ನುಹುರಿ ಸರಿಯಿದ್ದರೆ ಹೀಗಾಗದು.

ಇದನ್ನು ಅವಳು ಓದಿದ್ದಳು. ಕಾಲು ನಡೆಯುತ್ತದೆ, ಕೈ ಸೋಲುತ್ತದೆ. ವಯಸ್ಸಾದವರು ಹಣೆ ಬಡಿದು, ಕತ್ತು ಹಿಂದಕ್ಕೆ ಬಾಗಿ ಬಿದ್ದಾಗ ಕುತ್ತಿಗೆಯಲ್ಲಿ ಬೆನ್ನುಹುರಿಯ ನಡುಭಾಗ ಜಜ್ಜಿದರೆ ಹೀಗಾಗುತ್ತದೆ. ಕಡೇ ವರ್ಷದ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಪೂರ್ತಿ ಅಂಕ ತೆಗೆದಿದ್ದಳು.

ಸರ್ಕಾರಿ ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರಮ್ಮ ಕಡಿಮೆ ಮಾತಿನವರು. ಒಳಗೆ ಮಾಸ್ಟರ ಜೊತೆ ಒಬ್ಬರಿಗೇ ಅವಕಾಶವೆಂದು ಸೊಸೆ ಹೋದಳು. ಗಂಡ, ಅತ್ತೆ ಹೊರಗಿನ ಬೆಂಚಿನಲ್ಲಿ ಕೂತರು.

"ಲೋಟ, ಚಮಚ ಕೈ ಜಾರುತ್ತಾ?"

"ಹೌದು."

"ಗುಂಡಿ ಹಾಕೋಕೆ ಆಗುತ್ತಾ?"

"ಇಲ್ಲ ಡಾಕ್ಟ್ರೇ."

"ಮೂತ್ರಕ್ಕೆ ಹೋದರೆ ಬೇಗ ಬರುತ್ತಾ, ಕಾಯಬೇಕಾ?"

ಮಾಸ್ಟರು ಸೊಸೆಯ ಕಡೆ ನೋಡಿ ತಲೆ ತಗ್ಗಿಸಿದರು. "ಕಾಯಬೇಕು."

ಡಾಕ್ಟರಮ್ಮ ಕೇಳಿದ ಒಂದೊಂದು ಪ್ರಶ್ನೆಗೂ ಅವಳ ಕಿವಿಯಲ್ಲಿ ಮನೆಯ ಒಂದೊಂದು ಜಗಳ ಕೇಳಿಸಿತು. ಆರು ವಾರ ರೋಗ ತನ್ನ ಲಕ್ಷಣಗಳನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿತ್ತು. ಮನೆಯವರು ಅದಕ್ಕೆ ಉತ್ತರವಾಗಿ ಬೈದಿದ್ದರು.

ಡಾಕ್ಟರಮ್ಮ ಮಂಡಿಗೆ ತಟ್ಟಿದರು. ಕಾಲು ಜೋರಾಗಿ ಒದೆಯಿತು. "ಇದು ಇಷ್ಟು ಚುರುಕಾಗಿರಬಾರದು. ಮೇಲಿನಿಂದ ಬರೋ ಕಡಿವಾಣ ಸಡಿಲವಾಗಿದೆ ಅಂತ ಅರ್ಥ. ಕುತ್ತಿಗೆ ಮೂಳೆ ಸವೆದು ಒಳಗಿನ ದಾರಿ ಮೊದಲೇ ಕಿರಿದಾಗಿರಬೇಕು, ಬಿದ್ದಾಗ ಹುರಿ ನಡುವೆ ಜಜ್ಜಿದೆ. ನೋವು, ಬಿಸಿ ಹೇಳೋ ಎಳೆಗಳು ನಡುವೆಯೇ ಹಾದುಹೋಗೋದು. ಅದಕ್ಕೇ ಸುಟ್ಟರೂ ಗೊತ್ತಾಗ್ಲಿಲ್ಲ. ಸ್ಕ್ಯಾನ್ ಮಾಡಿ ನೋಡೋಣ, ಆಪರೇಷನ್ ಬೇಕಾಗಬಹುದು." ಬರೆಯುತ್ತಲೇ ಕೇಳಿದರು, "ಬಿದ್ದ ದಿನ ಯಾರಾದ್ರೂ ಪರೀಕ್ಷೆ ಮಾಡಿದ್ರಾ?"

ಸೊಸೆ ಮಾವನ ಕಡೆ ನೋಡಿದಳು.

"ಇಲ್ಲ ಡಾಕ್ಟ್ರೇ," ಎಂದರು ಮಾಸ್ಟರು. "ಯಾರಿಗೂ ತೋರಿಸ್ಲಿಲ್ಲ. ನಾನೇ ಬೇಡ ಅಂದೆ."

"ಅಂದೇ ಬರಬೇಕಿತ್ತು," ಎಂದರು ಡಾಕ್ಟರಮ್ಮ. "ಅಂದೇ ಬಂದಿದ್ರೆ ಕೈ ಪೂರ್ತಿ ಉಳೀತಿತ್ತು ಅಂತ ಹೇಳಲಾರೆ. ಉಳೀತಿರಲಿಲ್ಲ ಅಂತಾನೂ ಹೇಳಲಾರೆ."

ಹೇಳಬೇಕಿತ್ತು. ನಾನು ನೋಡಿದ್ದೆ, ಕಾಲು ಮಾತ್ರ ನೋಡಿದ್ದೆ ಎಂದು ಬಾಯಿ ಬಿಡಲು ನಾಲ್ಕು ಉಸಿರಿನಷ್ಟು ಹೊತ್ತಿತ್ತು. ಅವಳು ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತಳು. ಡಾಕ್ಟರಮ್ಮ ಹಾಳೆ ತಿರುಗಿಸಿದರು. ಸ್ಕ್ಯಾನಿಗೆ ಕಾಯುವಾಗ ಮಾಸ್ಟರ ಕಣ್ಣಿಂದ ನೀರು ಇಳಿಯುತ್ತಿತ್ತು. ಹೆದರಿದ್ದಾರೆ ಎಂದುಕೊಂಡು ಅವಳು ಒರೆಸಿದಳು.

ಕುತ್ತಿಗೆಗೆ ಆಪರೇಷನ್ ಆಯಿತು. ಹನ್ನೆರಡು ದಿನಕ್ಕೆ ಮನೆಗೆ ಬಂದರು. ಮೂತ್ರದ ತೊಂದರೆ ಹೋಯಿತು, ಅಂಗೈಯ ಹಿಡಿತ ಅಷ್ಟಿಷ್ಟು ಬಂತು, ಉರಿ ಕಡಿಮೆಯಾಯಿತು. ಬೆರಳ ತುದಿಯ ಕೆಲಸ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಡಾಕ್ಟರಮ್ಮ ಹೇಳಲಾಗದೆಂದು ಕೈ ತಿರುಗಿಸಿ ತೋರಿಸಿದರು. ಸೂಜಿಗೆ ದಾರ ಏರಿಸುವ ಮಾತು ಸದ್ಯಕ್ಕಿಲ್ಲ.

ಮನೆಯಲ್ಲಿ ಈಗ ಎಲ್ಲರೂ ಮೃದುವಾದರು. ಅತ್ತೆ ಪ್ಲಾಸ್ಟಿಕ್ ಬಟ್ಟಲನ್ನು ಕಸಕ್ಕೆ ಎಸೆದು ತಾವೇ ತುತ್ತು ಮಾಡಿ ಇಟ್ಟರು. ಮಗ ಅಪ್ಪನ ಕಾಲ ಬಳಿ ಕೂತು "ಏನೇನೋ ಅಂದುಬಿಟ್ಟೆ ಅಪ್ಪಾ," ಎಂದು ಅತ್ತ. ಗುಬ್ಬಿ ಬೆಳಿಗ್ಗೆ ಬಚ್ಚಲು ಖಾಲಿಯಿದ್ದರೂ "ತಾತಾ, ನೀವು ಮೊದಲು ಹೋಗಿ," ಎನ್ನುತ್ತಿದ್ದಳು. ನೋಡಲು ಬಂದವರಿಗೆಲ್ಲ ಅತ್ತೆಯದು ಒಂದೇ ಮಾತು:

"ನಮ್ಮ ಸೊಸೆ ಇದ್ದಳು, ಅದಕ್ಕೇ ಉಳಿದ್ರು. ಒಂದು ಪಿನ್ನಿಟ್ಟುಕೊಂಡು ಕಂಡುಹಿಡಿದುಬಿಟ್ಟಳು ನೋಡಿ! ಇಲ್ಲದಿದ್ರೆ ನಾವು ಇನ್ನೂ ಬೈಕೊಂಡೇ ಇರ್ತಿದ್ವಿ."

ಸೊಸೆ ಚಹಾ ತಟ್ಟೆ ಹಿಡಿದು ಈ ಮಾತನ್ನು ಕೇಳಬೇಕಾಗುತ್ತಿತ್ತು. ಪಕ್ಕದ ಮನೆಯಾಕೆ ಅವಳ ಗಲ್ಲ ಮುಟ್ಟಿ "ಬಂಗಾರದಂಥ ಹುಡುಗಿ," ಎಂದಾಗ ಕೆನ್ನೆಗೆ ಹೊಡೆದಂತಾಯಿತು. ಕ್ಲಿನಿಕ್ಕಿನಲ್ಲಿ ಸೊಂಟ ನೋವೆಂದು ಬಂದವರ ಕೈಯನ್ನೂ ಹಿಡಿದು, ಬೆರಳು ಚಿಮ್ಮಿ, ಭುಜಕ್ಕೆಲ್ಲ ಚುಚ್ಚಿ ನೋಡತೊಡಗಿದಳು. "ನೋವಿರೋದು ಸೊಂಟದಲ್ಲಿ ಕಣಮ್ಮಾ, ಭುಜಕ್ಕೆ ಯಾಕೆ ಚುಚ್ತೀರಿ?" ಎಂದು ಒಬ್ಬ ಲಾರಿ ಡ್ರೈವರ್ ರೇಗಿದ. ಹೊರಗೆ ಸಾಲು ಬೆಳೆದು ಮೂಳೆ ಡಾಕ್ಟರರೂ ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಒಂದು ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಅತ್ತೆ ಮತ್ತೆ ಶುರು ಮಾಡಿದರು, "ಬೀದಿ ಕೊನೆಯವರ ಮಗಳಿಗೂ ಕೈ ಜೋಮು ಬರುತ್ತಂತೆ. ನಮ್ಮ ಸೊಸೆಗೆ ತೋರಿಸಿ ಅಂದೆ. ಅವಳ ಕಣ್ಣಿಗೆ ಬಿದ್ದರೆ ಸಾಕು..."

"ಬೇಡ ಅತ್ತೆ," ಎಂದಳು ಸೊಸೆ. ತುತ್ತು ತಟ್ಟೆಗೇ ಬಿತ್ತು. "ನಾನು ಕಂಡುಹಿಡಿದಿದ್ದಲ್ಲ. ಕಣ್ಣೆದುರೇ ಇದ್ದದ್ದನ್ನ ಬಿಟ್ಟವಳು ನಾನು. ಮಾವ ಬಿದ್ದ ದಿನಾನೇ ಎಲ್ಲ ಇತ್ತು. ಮಂಡಿ ಒದ್ದಿದ್ದೇ ರೋಗ, ನಾನು ಆರೋಗ್ಯ ಅಂದೆ. ಪಿನ್ನು ಗೊತ್ತಾಗಲಿಲ್ಲ, ದಡ್ಡು ಅಂದೆ. ಅವತ್ತೇ ತೋಳು ನೋಡಿದ್ರೆ ಸಾಕಿತ್ತು. ನೋಡ್ಲಿಲ್ಲ. ಆಮೇಲೆ ನೀವು ಕೇಳಿದಾಗಲೆಲ್ಲ ಏನೂ ಇಲ್ಲ ಅಂದೆ."

ಮೊದಲು ಬಾಯಿ ಬಿಟ್ಟವನು ಗಂಡ.

"ಅಂದ್ರೆ... ನಿನ್ನ ಮಾತು ನಂಬಿಕೊಂಡು ನಾನು ಅಪ್ಪನ್ನ ಅಷ್ಟೆಲ್ಲ ಅಂದಿದ್ದು! ಒಂದು ತಿಂಗಳು! ಗೊತ್ತಿಲ್ಲ, ದೊಡ್ಡಾಸ್ಪತ್ರೆಗೆ ಹೋಗೋಣ ಅನ್ನೋಕೆ ಏನು ದಾಡಿ ನಿನಗೆ?"

"ಗೊತ್ತಿಲ್ಲ ಅಂತ ನನಗೇ ಗೊತ್ತಿರ್ಲಿಲ್ಲ."

"ಆಸ್ಪತ್ರೇಲಿ ಹೇಳಿದೆಯಾ?"

"ಇಲ್ಲ. ಮಾವ ಸುಳ್ಳು ಹೇಳಿದ್ರು, ಯಾರೂ ನೋಡಿಲ್ಲ ಅಂತ. ನಾನು ಸುಮ್ಮನಿದ್ದೆ."

ಅತ್ತೆ ಮಾಸ್ಟರ ಕಡೆ ತಿರುಗಿದರು. ಆಕೆಯ ಮುಖ ಕೆಂಪಾಗಿತ್ತು. "ನಿಮಗೆ ಗೊತ್ತಿತ್ತಾ? ನಾನು ಊರೆಲ್ಲ ಡಂಗುರ ಹೊಡೀತಾ ಇದ್ದರೆ ಕೇಳಿಸ್ಕೊಂಡು ಕೂತಿದ್ರಾ?"

ಮಾಸ್ಟರು ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ಕುಡಿದು, ನಿಧಾನವಾಗಿ ಕೆಳಗಿಟ್ಟರು.

"ಬೈರಿ ಮಾವ," ಎಂದಳು ಸೊಸೆ. "ಕೈ ಹೋಯ್ತು ನಿಮ್ಮದು ನನ್ನಿಂದ. ಯಾಕೆ ಮುಚ್ಚಿಟ್ರಿ? ಬಾಯಿ ತುಂಬ ಬೈದುಬಿಡಿ."

"ಬೈಯೋಕೆ ಮೊದಲು ಒಂದು ಮಾತು ಕೇಳು," ಎಂದರು ಮಾಸ್ಟರು. "ನೀನು ಓದಿದವಳು, ನೋಡಿದೀನಿ ಏನೂ ಇಲ್ಲ ಅಂದೆ. ಲೋಟ ಬೀಳ್ತಾ ಇತ್ತು. ಬೇಕಂತ ಬೀಳಿಸ್ತಾರೆ ಅಂದ್ರು ಇವರು. ಮೊದಮೊದಲು ಇಲ್ಲ ಅಂತಿದ್ದೆ. ಹದಿನೈದು ದಿನ ಆದಮೇಲೆ ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು. ಮೆಷಿನು ಎತ್ತಿಸಿದ ಕೋಪ ಇತ್ತಲ್ಲ ಹೊಟ್ಟೇಲಿ. ಆ ಕೋಪವೇ ಕೈಗೆ ಇಳಿದು ಇದೆಲ್ಲ ಮಾಡಿಸ್ತಾ ಇದೆ ಅಂದ್ಕೊಂಡೆ. ಆ ಗಿರಾಕಿಯ ಕೋಟು ಕತ್ತರಿಸಿ ಹಾಳು ಮಾಡಿದೆನಲ್ಲ, ಅವತ್ತು ವರಾಂಡದಲ್ಲಿ ಕೂತು ನನಗೆ ನಾನೇ ಛೀ ಅಂದೆ. ಇಷ್ಟು ವಯಸ್ಸಾಗಿ, ಹೆಂಡತಿ ಮಕ್ಕಳ ಮೇಲಿನ ಸಿಟ್ಟಿಗೆ ಪರರ ಬಟ್ಟೆ ಹಾಳು ಮಾಡೋನಾದೆನಲ್ಲ, ಇಂಥ ಕೆಟ್ಟವನು ನಿಮ್ಮ ಜೊತೆ ಊಟಕ್ಕೆ ಕೂರಬಾರದು ಅಂತ ಎದ್ದು ಹೋಗ್ತಿದ್ದೆ."

ಗುಬ್ಬಿ ಅಳತೊಡಗಿದಳು. ಮಾಸ್ಟರು ಅವಳ ಕಡೆ ನೋಡದೆ ಮುಂದುವರಿಸಿದರು.

"ಆ ಡಾಕ್ಟರಮ್ಮ ರೋಗ ಅಂದಾಗ ಎದೆ ಮೇಲಿಂದ ಕಲ್ಲು ಇಳಿದ ಹಾಗಾಯ್ತು. ನಾನು ಕೆಟ್ಟವನಲ್ಲ, ಬರೀ ಕಾಯಿಲೆಯವನು! ಆ ಸಂತೋಷದಲ್ಲಿ ಯಾರನ್ನ ಹಿಡಿದುಕೊಡ್ಲಿ? ಯಾರೂ ನೋಡಿಲ್ಲ ಅಂದುಬಿಟ್ಟೆ. ಸ್ಕ್ಯಾನ್ ಕೋಣೆಯ ಹೊರಗೆ ನೀನು ನನ್ನ ಕಣ್ಣು ಒರೆಸಿದೆಯಲ್ಲ, ಅದು ಹೆದರಿಕೆಯ ನೀರಲ್ಲಮ್ಮಾ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಅದಕ್ಕೆ ಸಿದ್ಧಳಾಗಿಯೇ ಬಾಯಿ ಬಿಟ್ಟಿದ್ದಳು. ಇಷ್ಟು ದಿನ ತಾನು ಕಳೆದದ್ದು ಆ ಎರಡು ಕೈ ಎಂದುಕೊಂಡಿದ್ದಳು. ಒಬ್ಬ ಒಳ್ಳೆಯ ಮನುಷ್ಯನಿಗೆ ತಾನು ಒಳ್ಳೆಯವನೆಂಬ ನಂಬಿಕೆಯನ್ನೇ ಒಂದು ತಿಂಗಳು ಇಲ್ಲದಂತೆ ಮಾಡಿದ್ದೆ ಎನ್ನುವುದು ಅವಳಿಗೆ ಈಗಷ್ಟೇ ಗೊತ್ತಾಯಿತು. ಅದು ಯಾವ ಪಿನ್ನಿಗೂ ಸಿಗುವಂಥದ್ದಾಗಿರಲಿಲ್ಲ, ಒಂದು ಸಲ ಕೇಳಿದ್ದರೆ ಸಾಕಿತ್ತು.

"ಕೋಪ ಇಲ್ವಾ ನಿಮಗೆ?" ಎಂದಳು.

"ಇಲ್ಲದೆ ಏನು? ಇದೆ," ಎಂದರು ಮಾಸ್ಟರು. "ಆವಾಗ ಬಂದಿರ್ಲಿಲ್ಲ, ಈಗ ದಿನಾ ಬೆಳಿಗ್ಗೆ ದಾರ ನೋಡಿದಾಗ ಬರುತ್ತೆ. ನಾಳೆನೂ ಬರುತ್ತೆ. ಬರಲಿ ಬಿಡು. ಈಗ ಬಂದರೆ ಅದು ನನ್ನ ಕೋಪ ಅಂತ ನನಗೆ ಗೊತ್ತು, ಕೈ ಬೇರೆ, ಕೋಪ ಬೇರೆ." ಅವರು ತಟ್ಟೆಯನ್ನು ಹೆಂಡತಿಯ ಕಡೆ ತಳ್ಳಿದರು. "ಇನ್ನೊಂದು ಸ್ವಲ್ಪ ಅನ್ನ ಹಾಕೇ. ಅವಳಿಗೂ ಹಾಕು, ಏನೂ ತಿಂದಿಲ್ಲ."

ಅತ್ತೆ ಸೊಸೆಯ ಮುಖ ನೋಡಲಿಲ್ಲ. ಆದರೂ ಅನ್ನದ ಪಾತ್ರೆ ಎತ್ತಿಕೊಂಡು ಮೊದಲು ಗಂಡನಿಗೆ, ಆಮೇಲೆ ಅವಳಿಗೆ ಬಡಿಸಿದರು.